ಬೆಳ್ಳಿಗೆ ಎಷ್ಟು ಪುಟ?

ಪುಸ್ತಕ ಓದಿ ಅಭಿಪ್ರಾಯ ಹೇಳುವುದು ಅಪರಾಧವೆ? ಹೇಳುವವನು ಕೇರಿಯವನಾದರೆ ಹೌದು, ಅಪರಾಧವೇ! 1973ರ ನವೆಂಬರ್‌ನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಆಗ ಅವರು ದೇವರಾಜ ಅರಸು ಸಂಪುಟದ ಮಂತ್ರಿ. ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದವರು. ಅವರ ಆ ಒಂದು ಮಾತಿಗೆ ಬೀದಿ ಬೀದಿಯಲ್ಲಿ ದೊಂಬಿ. ದಲಿತ ವಿದ್ಯಾರ್ಥಿಗಳಿಗೆ ಹೊಡೆತ. ಹಾಸ್ಟೆಲುಗಳ ಮೇಲೆ ದಾಳಿ. ಕೊನೆಗೆ ಮಂತ್ರಿ ಪದವಿಯೂ ಹೋಯಿತು. ಕಲ್ಲು ತೂರಿದವರಲ್ಲಿ ಪಂಪನನ್ನು, ಕುಮಾರವ್ಯಾಸನನ್ನು ಓದಿದವರು ಎಷ್ಟು ಜನ? ಸಿಟ್ಟು ಬಂದದ್ದು ಸಾಹಿತ್ಯಕ್ಕೆ ಅವಮಾನವಾಯಿತು ಅಂತಲ್ಲ. ಇವನೂ ಓದಿದನಲ್ಲ, ಓದಿ ಬಾಯಿ ಬಿಟ್ಟನಲ್ಲ ಅಂತ!

ಹಾಸ್ಟೆಲಿನ ಗೆಳೆಯರೇ, ಗೆಳತಿಯರೇ, ಈ ಮಳೆಗಾಲ ಎಕ್ಕಂಬಿಯಲ್ಲಿ ಕೂತು ನಾನು ಓದಿದ ಕೆಲವು ಪುಸ್ತಕಗಳ ಬಗ್ಗೆ ಬಾಯಿ ಬಿಡುತ್ತೇನೆ. ನಿಮಗೆ ಒಪ್ಪಿಗೆಯಾಗದಿದ್ದರೆ ಜಗಳಕ್ಕೆ ಬನ್ನಿ. ಆದರೆ ಓದಿಕೊಂಡು ಬನ್ನಿ.

ಮೊದಲು ಕಾರಂತರ 'ಚೋಮನ ದುಡಿ'. 1933ರ ಕಾದಂಬರಿ. ಚೋಮನ ಹತ್ತಿರ ಎತ್ತು ಇವೆ, ಉಳಲಿಕ್ಕೆ ಭೂಮಿ ಇಲ್ಲ. ಧಣಿ ಸಂಕಪ್ಪಯ್ಯನಿಗೆ ಕೊಡುವ ಮನಸ್ಸು ಬಂದರೂ ಅವನ ತಾಯಿ ಬಿಡುವುದಿಲ್ಲ. ಕರುಣೆಯ ಮಾತಲ್ಲ, ಭೂಮಿಯ ಮಾತು ಅಂತ ಕಾರಂತರು ಆ ಕಾಲಕ್ಕೇ ಕಂಡಿದ್ದರು. ಅದಕ್ಕೆ ನಮಸ್ಕಾರ. ಚೋಮನಿಗೆ ಒಬ್ಬ ಮಗಳು. ಹೆಸರು ಬೆಳ್ಳಿ. ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದವಳ ಮೈ ತೋಟದವರ ಪಾಲಾಗುತ್ತದೆ.

ಆಮೇಲೆ ಅನಂತಮೂರ್ತಿಯವರ 'ಸಂಸ್ಕಾರ'. 1965ರದ್ದು. ಅಲ್ಲಿಯೂ ಕೇರಿಯ ಒಂದು ಹುಡುಗಿ. ಅವಳ ಹೆಸರೂ ಬೆಳ್ಳಿ! ಅಗ್ರಹಾರದ ಶ್ರೀಪತಿಗೆ ಅವಳ ಮೈ ಬೇಕು, ಮಾತು ಬೇಡ.

ನೋಡಿದಿರಾ? 32 ವರ್ಷದ ಅಂತರ, ಇಬ್ಬರು ದೊಡ್ಡ ಲೇಖಕರು, ಅದೇ ಹೆಸರು, ಅದೇ ಗತಿ.

'ಸಂಸ್ಕಾರ'ದಲ್ಲಿ ನಾರಣಪ್ಪ ಎಂಬ ಬ್ರಾಹ್ಮಣ ಸತ್ತಿದ್ದಾನೆ. ಹೆಣ ಸುಡುವವರು ಯಾರು? ಇಡೀ ಅಗ್ರಹಾರ ಉಪವಾಸ ಕೂತು ಶಾಸ್ತ್ರ ಹುಡುಕುತ್ತದೆ. ಅದೇ ಪ್ಲೇಗು ಕೇರಿಗೂ ಬಂದಿದೆ. ಅಲ್ಲಿ ಸತ್ತವರನ್ನು ಗುಡಿಸಲಿನ ಸಮೇತ ಸುಟ್ಟುಬಿಡುತ್ತಾರೆ. ನಾಲ್ಕು ಸಾಲು, ಮುಗೀತು. ಕೊನೆಗೆ ನಾರಣಪ್ಪನ ಹೆಣ ಸುಟ್ಟವರಾದರೂ ಯಾರು? ಚಂದ್ರಿ, ಮತ್ತು ಮೀನು ಮಾರುವ ಅಹಮದ್ ಬ್ಯಾರಿ. ರಾತ್ರೋರಾತ್ರಿ ಕೆಲಸ ಮುಗಿಸಿದ ಬ್ಯಾರಿಗೆ ಏನನ್ನಿಸಿತು? ಅದಕ್ಕೆ ಪುಟ ಇಲ್ಲ. ಪುಟವೆಲ್ಲ ಏನೂ ಮಾಡಲಾರದ ಪ್ರಾಣೇಶಾಚಾರ್ಯರ ತಳಮಳಕ್ಕೆ!

ತನ್ನವರ ಮುಖಕ್ಕೇ ಕನ್ನಡಿ ಹಿಡಿದ ಧೈರ್ಯ ಅನಂತಮೂರ್ತಿಯವರದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಕನ್ನಡಿಯಲ್ಲಿ ನಮ್ಮ ಮುಖ ಎಲ್ಲಿ? ಕ್ಲಾಸಿನಲ್ಲಿ ಇದನ್ನೇ ಕೇಳಿದರೆ ಮೇಷ್ಟ್ರು "ಕಾದಂಬರಿಯ ವಸ್ತು ಅದಲ್ಲ ಮಾರಾಯ, ಕಲೆ ನೋಡು" ಅಂತಾರೆ. ಆಯ್ತು ಸಾರ್, ಕಲೆಯನ್ನೇ ನೋಡೋಣ. ಯಾರಿಗೆ ಯೋಚನೆ ಕೊಡಬೇಕು, ಯಾರಿಗೆ ಬರೀ ಮೈ ಕೊಡಬೇಕು ಅಂತ ನಿರ್ಧರಿಸುವುದು ಕಲೆಯಲ್ಲದೆ ಮತ್ತೆಂತದು?

ಇನ್ನು ನಮ್ಮವರ ಪುಸ್ತಕ. ಸಿದ್ಧಲಿಂಗಯ್ಯನವರ ಆತ್ಮಕಥೆ 'ಊರುಕೇರಿ'. ಶುರುವಿನಲ್ಲೇ ಎತ್ತಿನ ಜಾಗದಲ್ಲಿ ಅಪ್ಪನ ಹೆಗಲಿಗೆ ನೊಗ. ಚೋಮನಿಗೆ ಎತ್ತಾದರೂ ಇದ್ದವು, ಇಲ್ಲಿ ಮನುಷ್ಯನೇ ಎತ್ತು. ಆದರೂ ಪುಸ್ತಕದ ತುಂಬ ನಗು! ನಮ್ಮನ್ನು ನೋಡಿ ಅಳುವವರು ಬಹಳ ಮಂದಿ ಇದ್ದಾರೆ. ನಾವು ನಗಬಲ್ಲೆವು ಅಂತ ತೋರಿಸಿದವರು ಇವರು. 2021ರಲ್ಲಿ ಕೋವಿಡ್ ಅವರನ್ನು ಒಯ್ದಿತು, ಆ ನಗುವನ್ನು ಒಯ್ಯಲಾಗಲಿಲ್ಲ.

ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರದ್ದು. ಮೀಸಲಾತಿಯ ಹುಡುಗರನ್ನು ಚುಚ್ಚುವ ಬೈಗುಳವನ್ನೇ ತಲೆಬರಹ ಮಾಡಿ ಎದುರಿಗೆ ಎಸೆದರು. ಇವತ್ತಿಗೂ ಸೀಟು ಸಿಕ್ಕಿದ ದಿನ ನಿಮ್ಮ ಕಿವಿಗೆ ಅದು ಬೀಳುತ್ತದೋ ಇಲ್ಲವೋ ಹೇಳಿ.

ದೇವನೂರ ಮಹಾದೇವರ 'ಕುಸುಮಬಾಲೆ' 1984ರಲ್ಲಿ ಬಂತು. ಇದು ಯಾವ ಕನ್ನಡ, ಅರ್ಥವಾಗೋದಿಲ್ಲ ಅಂತ ಗೇಲಿ ಮಾಡಿದವರಿದ್ದರು. ದೀಪಗಳು ಜೋತಮ್ಮಗಳಾಗಿ ಕೂತು ಮಾತಾಡುವ ಆ ಕನ್ನಡ ನಂಜನಗೂಡು ಸೀಮೆಯ ಕೇರಿಯದು. ಶಾಲೆಯ ಕನ್ನಡಕ್ಕಾಗಿ ನಾವು ನಮ್ಮ ನಾಲಿಗೆಯನ್ನೇ ತಿರುಗಿಸಿಕೊಂಡೆವು. ಅವರು ಒಂದು ಪುಸ್ತಕಕ್ಕಾಗಿ ಕಿವಿ ತಿರುಗಿಸಲಾರರೆ? ಕಥೆ ನೋಡಿ: ಮೇಲ್ಜಾತಿಯ ಕುಸುಮಳನ್ನು ಪ್ರೀತಿಸಿದ ಚೆನ್ನ ಕೊಲೆಯಾಗುತ್ತಾನೆ. ಬೆಳ್ಳಿಯ ಹತ್ತಿರ ಮೇಲಿನವನು ಬಂದರೆ ಯಾರೂ ಸಾಯುವುದಿಲ್ಲ. ಕುಸುಮಳ ಹತ್ತಿರ ಚೆನ್ನ ಹೋದರೆ ಸಾವು. ಮೂರೂ ಪುಸ್ತಕ ಒಟ್ಟಿಗಿಟ್ಟು ಓದಿ, ಜಾತಿ ಎಲ್ಲಿ ಕಾವಲು ಕೂತಿದೆ ಅಂತ ಗೊತ್ತಾಗುತ್ತದೆ.

ನಮ್ಮವರು ಬರೆದದ್ದೆಲ್ಲ ಚಿನ್ನ ಅಂತ ಜೈಕಾರ ಹಾಕುವುದೂ ಬೇಡ. ನಮ್ಮ ಆತ್ಮಕಥೆಗಳಲ್ಲಿ ಅಪ್ಪ ಇದ್ದಾನೆ, ಗೆಳೆಯರಿದ್ದಾರೆ, ಹೋರಾಟ ಇದೆ. ಅಕ್ಕ ತಂಗಿಯರು? ಅನ್ನ ಬಡಿಸಿ ಒಳಗೆ ಹೋಗುತ್ತಾರೆ. ಅಗ್ರಹಾರಕ್ಕೆ ಕೇಳಿದ ಪ್ರಶ್ನೆಯನ್ನು ನಮ್ಮ ಮನೆಯಲ್ಲೂ ಕೇಳಬೇಕು: ಬೆಳ್ಳಿಗೆ ಎಷ್ಟು ಪುಟ? ಕಲಬುರಗಿಯ ಗೀತಾ ನಾಗಭೂಷಣರ 'ಬದುಕು' ಓದಿ. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾದಂಬರಿ. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಲೇಖಕಿ ಅವರು. ಅಲ್ಲಿಯ ಹೆಂಗಸರು ದುಡಿಯುತ್ತಾರೆ, ಬೈಯುತ್ತಾರೆ, ಆಸೆಪಡುತ್ತಾರೆ. ಅವರ ಬಾಯಿಗೆ ಯಾರೂ ಅಡ್ಡ ಬಂದಿಲ್ಲ.

ಕಥೆ ಕಾದಂಬರಿ ಸಾಕು, ಎಫ್‌ಡಿಎ ಗೈಡು ಓದಬೇಕು ಅನ್ನುವವರಿಗೆ ಒಂದು ಮಾತು. ಗೈಡು ಓದಿ, ನೌಕರಿ ಹಿಡಿಯಿರಿ. ಜೊತೆಗೆ ಬಾಬಾಸಾಹೇಬರ 'ಜಾತಿ ವಿನಾಶ'ವನ್ನೂ ಓದಿ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಭಾಷಣಕ್ಕೆ ಕರೆದು, ಬರಹ ನೋಡಿ ಹೆದರಿ, ಸಮ್ಮೇಳನವನ್ನೇ ಕೈಬಿಟ್ಟಿತು. ಅವರು ಅಳುತ್ತ ಕೂರಲಿಲ್ಲ. ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. 1500 ಪ್ರತಿ ಎರಡೇ ತಿಂಗಳಲ್ಲಿ ಖಾಲಿ! ಅದರಲ್ಲಿ ಕಣ್ಣೀರು ಇಲ್ಲ, ವಾದ ಇದೆ. ಎದುರಾಳಿಯ ಶಾಸ್ತ್ರವನ್ನು ಅವನಿಗಿಂತ ಚೆನ್ನಾಗಿ ಓದಿ ಉತ್ತರ ಕೊಡುವುದು ಹೇಗೆ ಅಂತ ಕಲಿಯಬೇಕಾದರೆ ಅದೇ ನಮ್ಮ ಗೈಡು.

ಕೊನೆಗೆ ನಮ್ಮ ಘಟ್ಟದ ಮಾತು. ಪಂಪ ನೆನೆದ ಬನವಾಸಿ ನಮ್ಮದೇ ತಾಲೂಕು ಅಂತ ವೇದಿಕೆ ಮೇಲೆ ಎದೆ ತಟ್ಟಿಕೊಳ್ಳುತ್ತಾರೆ. ಸರಿ. ಹಾಗೆಯೇ ಯಲ್ಲಾಪುರ ತಾಲೂಕಿನ ಮಂಚೀಕೇರಿಯನ್ನೂ ನೆನೆಯಲಿ! ಆಫ್ರಿಕಾದ ಚಿನುವ ಅಚೆಬೆ 1958ರಲ್ಲಿ ಬರೆದ ಕಾದಂಬರಿಯನ್ನು 1980ರ ದಶಕದಲ್ಲಿ ಅಲ್ಲಿಯ ಸಿದ್ದಿಗಳು ನಾಟಕ ಆಡಿದರು. ಚಿದಂಬರರಾವ್ ಜಂಬೆ ಆಡಿಸಿದರು. ಕಾಡಿನಲ್ಲಿ ಕೂಲಿ ಮಾಡುವವರು ಒಂದು ದೊಡ್ಡ ಪುಸ್ತಕವನ್ನು ಮೈಮೇಲೆ ತಂದುಕೊಂಡು ರಂಗಕ್ಕೆ ಬಂದರು. ಪುಸ್ತಕ ನಮಗಲ್ಲ ಅನ್ನುವವರಿಗೆ ಇದಕ್ಕಿಂತ ಉತ್ತರ ಬೇಕೆ?

ನಿಮ್ಮ ಹಾಸ್ಟೆಲಿನಲ್ಲಿ ಪುಸ್ತಕದ ಕಪಾಟಿಗೆ ಬೀಗ ಇದ್ದರೆ ಕೀಲಿ ಕೇಳಿ. ಕೊಡದಿದ್ದರೆ ಬರೆದು ಕೇಳಿ, ಹತ್ತು ಜನ ಸಹಿ ಹಾಕಿ ಕೇಳಿ. ಶನಿವಾರ ರಾತ್ರಿ ಊಟವಾದ ಮೇಲೆ ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಜಗಳ ಆಡಲಿ. ಹುಡುಗಿಯರ ಹಾಸ್ಟೆಲಿನಲ್ಲೂ ಇದು ಶುರುವಾಗಲಿ. ಅಡಿಕೆ ಕೊನೆ ಹೊತ್ತ, ಸೊಪ್ಪಿನ ಹೊರೆ ಹೊತ್ತ ಅಮ್ಮಂದಿರ ಕಥೆ ಅಲ್ಲಿಂದಲೇ ಬರಬೇಕು.

ಕಾರಂತರು ಒಬ್ಬ ಬೆಳ್ಳಿಯನ್ನು ಬರೆದರು, ಅನಂತಮೂರ್ತಿ ಒಬ್ಬ ಬೆಳ್ಳಿಯನ್ನು ಬರೆದರು. ಮೂರನೆಯ ಬೆಳ್ಳಿಯನ್ನು ಬೇರೆ ಯಾರೂ ಬರೆಯುವುದು ಬೇಡ. ಪೆನ್ನು ಅವಳ ಕೈಯಲ್ಲೇ ಇರಲಿ.