ಎಲ್ಲ ಭಾಗ ಬದಲಾದ ಮೇಲೂ ಅದು ಅಜ್ಜನ ಕಾರೇನಾ?

ಇಂಥ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತದೆ. ಮೊದಲು ಬೇಲಿ ಪಕ್ಕದಲ್ಲಿ ತುಕ್ಕು ಹಿಡಿದು, ಟೈರು ಹರಿದು, ಒಳಗೆ ಗಿಡ ಬೆಳೆದು ನಿಂತ ಹಳೇ ಕಾರು. ಎರಡು ನಿಮಿಷದಲ್ಲಿ ಅದೇ ಕಾರು ಈಗಷ್ಟೇ ಶೋರೂಮಿನಿಂದ ಇಳಿದಂತೆ ಫಳಫಳ. ಕೆಳಗೆ ‘ಅಜ್ಜನ ಕಾರಿಗೆ ಮರುಜೀವ’ ಎಂಬ ಸಾಲು. ನಾವೂ ಖುಷಿಯಿಂದ ನಾಲ್ಕು ಗ್ರೂಪಿಗೆ ಕಳಿಸಿಬಿಡುತ್ತೇವೆ.

ನಡುವಿನ ಎರಡು ನಿಮಿಷವನ್ನು ಒಮ್ಮೆ ನಿಧಾನವಾಗಿ ನೋಡಿ. ತಳದ ತಗಡನ್ನು ಕತ್ತರಿಸಿ ಎಸೆದರು. ಬಾಗಿಲು ಹೊಸದು. ಎಂಜಿನ್ ಇನ್ನಾವುದೋ ಕಾರಿನದು. ಸೀಟು, ವೈರಿಂಗು, ಗಾಜು ಎಲ್ಲವೂ ಈಚೆಗೆ ತಂದದ್ದು. ಹಾಗಾದರೆ ಅಜ್ಜ ಓಡಿಸಿದ ಕಾರು ಎಲ್ಲಿ ಹೋಯಿತು? ಗುಜರಿಗೆ ಹೋದದ್ದೇ ಅದಲ್ಲವೇ?

ಈ ಪ್ರಶ್ನೆ ಕಾರಿಗಿಂತ ಹಳೆಯದು. ‘ಮಿಲಿಂದ ಪನ್ಹ’ ಎಂಬ ಪಾಲಿ ಗ್ರಂಥದಲ್ಲಿ ಬೌದ್ಧ ಭಿಕ್ಷು ನಾಗಸೇನ, ರಥದಲ್ಲಿ ಬಂದ ರಾಜ ಮಿಲಿಂದನನ್ನು ಕೇಳುತ್ತಾನೆ: ರಥವೆಂದರೆ ಅಚ್ಚೇ? ಚಕ್ರವೇ? ನೊಗವೇ? ರಾಜ ಎಲ್ಲಕ್ಕೂ ಅಲ್ಲವೆನ್ನುತ್ತಾನೆ. ಈ ಭಾಗಗಳೆಲ್ಲ ಕೂಡಿದಾಗ ನಾವು ಕೊಡುವ ಹೆಸರೇ ರಥ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ತತ್ವಕ್ಕೆ ಅಷ್ಟು ಸಾಕು. ಆದರೆ ಆ ಹೆಸರಿಗೆ ಕೋಟಿಗಟ್ಟಲೆ ಬೆಲೆ ಕಟ್ಟುವವರಿದ್ದಾಗ ಜಗಳ ಕೋರ್ಟಿಗೂ ಹೋಗುತ್ತದೆ.

‘ಅರ್ಧಕ್ಕಿಂತ ಹೆಚ್ಚು ಬದಲಾದರೆ ಅಸಲಿ ಅಲ್ಲ’ – ನಿಜವೇ?

ಬಹಳ ಜನ ಹೀಗೆ ನಂಬಿದ್ದಾರೆ. ತೊಂದರೆಯೆಂದರೆ ಎಲ್ಲ ಭಾಗಕ್ಕೂ ಒಂದೇ ತೂಕವಿಲ್ಲ. ಬ್ರಿಟನ್ನಿನ ವಾಹನ ನೋಂದಣಿ ಸಂಸ್ಥೆ ವರ್ಷಗಟ್ಟಲೆ ಬಳಸಿದ ಒಂದು ಲೆಕ್ಕ ನೋಡಿ. ದೊಡ್ಡ ಬದಲಾವಣೆ ಕಂಡ ಕಾರು ಹಳೆಯ ನಂಬರನ್ನೇ ಉಳಿಸಿಕೊಳ್ಳಲು ಕನಿಷ್ಠ 8 ಅಂಕ ಬೇಕಿತ್ತು. ಚಾಸಿಗೆ 5 ಅಂಕ. ಸಸ್ಪೆನ್ಷನ್, ಆಕ್ಸಲ್, ಗೇರ್ ವ್ಯವಸ್ಥೆ, ಸ್ಟೀರಿಂಗ್‌ಗೆ ತಲಾ 2. ನಾವು ಕಾರಿನ ಹೃದಯ ಎಂದುಕೊಂಡಿರುವ ಎಂಜಿನ್‌ಗೆ ಸಿಕ್ಕಿದ್ದು ಬರೀ 1! ಎಂಜಿನ್ ಸವೆಯುವುದು, ಬದಲಾಗುವುದು ಸಹಜ. ಚಾಸಿ ಕಾರಿನ ಬೆನ್ನೆಲುಬು ಎಂಬ ಲೆಕ್ಕಾಚಾರ ಅದು.

ಆದರೆ ಚಾಸಿಯೇ ಬದಲಾದರೆ? 1990ರಲ್ಲಿ ಲಂಡನ್ನಿನ ಹೈಕೋರ್ಟಿನ ಮುಂದೆ ಹೆಚ್ಚುಕಡಿಮೆ ಇದೇ ಪ್ರಶ್ನೆ ಬಂತು. ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರು 1929 ಮತ್ತು 1930, ಎರಡೂ ವರ್ಷ ಫ್ರಾನ್ಸಿನ ಲ ಮಾನ್ಸ್ ರೇಸನ್ನು ಗೆದ್ದಿತ್ತು. ಆಮೇಲೆ ಬ್ರೂಕ್‌ಲ್ಯಾಂಡ್ಸ್ ರೇಸಿಗಾಗಿ ಬಿಚ್ಚಿ ಕಟ್ಟಿದರು, 8 ಲೀಟರಿನ ದೊಡ್ಡ ಎಂಜಿನ್ ಕೂರಿಸಿದರು. 1932ರಲ್ಲಿ ಅಲ್ಲೇ ಅಪಘಾತವಾಗಿ ಚಾಲಕ ಕ್ಲೈವ್ ಡನ್‌ಫೀ ಸತ್ತರು. ಕಾರನ್ನು ಮತ್ತೆ ಕಟ್ಟಿ ಮುಚ್ಚಿದ ಬಾಡಿ ಹಾಕಿದರು. ದಶಕಗಳ ನಂತರದ ಮಾಲೀಕರು ಅದನ್ನು 1 ಕೋಟಿ ಪೌಂಡಿಗೆ ಮಾರಲು ಒಪ್ಪಂದ ಮಾಡಿಕೊಂಡಾಗ, ಕೊಳ್ಳುವವರು ಇದು ಆ ಕಾರೇ ಅಲ್ಲ ಎಂದು ಹಿಂದೆ ಸರಿದರು.

1929ರಲ್ಲಿ ಗೆದ್ದ ಕಾರಿನ ಭಾಗಗಳು ಅದರಲ್ಲಿ ಹೆಚ್ಚುಕಡಿಮೆ ಉಳಿದೇ ಇರಲಿಲ್ಲ. ಆದರೂ ಗೆದ್ದದ್ದು ಮಾರುವವರೇ. ನ್ಯಾಯಮೂರ್ತಿ ಆಟನ್ ಅವರ ವಾದಸರಣಿ ಹೀಗಿತ್ತು: ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲಿ ಇಲ್ಲವಾದ್ದರಿಂದ ಇದನ್ನು ‘ಮೂಲ’ ಕಾರು ಎನ್ನಲಾಗದು. ಆದರೆ ಇದು ನಕಲೂ ಅಲ್ಲ. ಬದಲಾಗುತ್ತ ಬದಲಾಗುತ್ತ ಒಂದೇ ಕಾರಾಗಿ ಮುಂದುವರಿದು ಬಂದಿದೆ, ಎಲ್ಲೂ ಕೊಂಡಿ ತಪ್ಪಿಲ್ಲ, ಈ ಹೆಸರಿಗೆ ಹಕ್ಕು ಹೇಳಬಲ್ಲ ಬೇರೆ ಕಾರೂ ಇಲ್ಲ. ಆದ್ದರಿಂದ ಇದೇ ಅಧಿಕೃತ ‘ಓಲ್ಡ್ ನಂಬರ್ ಒನ್’.

ಅಂದರೆ ಎಷ್ಟು ಬದಲಾಯಿತು ಎಂಬುದಕ್ಕಿಂತ ಹೇಗೆ ಬದಲಾಯಿತು ಎಂಬುದೇ ಮುಖ್ಯವಾಯಿತು. ಓಡುತ್ತಿರುವಾಗ ಒಂದೊಂದಾಗಿ ಬದಲಾದ ಕಾರು ಒಂದು ಜಾತಿ. ಗುಜರಿಗೆ ಹೋಗಿ ಸತ್ತ ಕಾರಿನ ನಂಬರ್ ಪ್ಲೇಟ್ ಹಿಡಿದುಕೊಂಡು, ನಲವತ್ತು ವರ್ಷದ ಮೇಲೆ ಅದರ ಸುತ್ತ ಹೊಸ ಕಾರು ಕಟ್ಟಿದರೆ ಅದು ಬೇರೆಯೇ ಜಾತಿ. ಇನ್ನೂ ಪೇಚಿನ ಸಂಗತಿ ಇದೆ. ಒಬ್ಬರು ಬೇಡವೆಂದು ಬಿಸಾಡಿದ ಚಾಸಿಯನ್ನು ಇನ್ನೊಬ್ಬರು ಎತ್ತಿಕೊಂಡು ಹೋಗಿ ಅದರ ಮೇಲೆ ಕಾರು ಕಟ್ಟುತ್ತಾರೆ. ಆಗ ಒಂದೇ ಗುರುತಿಗೆ ಎರಡು ಕಾರು!

ಇಷ್ಟಾದರೂ ಕೋರ್ಟು ತೀರ್ಮಾನಿಸಿದ್ದು ಹೆಸರನ್ನು ಮಾತ್ರ. ಆ ಹೆಸರಿನ ಹಿಂದಿದ್ದ ಕಬ್ಬಿಣ, ಚರ್ಮ, ಬಣ್ಣ ವಾಪಸ್ ಬರಲಿಲ್ಲ. ನಮಗೆ ಕಾಣುವ ನಿಜವಾದ ನಷ್ಟ ಇಲ್ಲಿದೆ. ಹಳೆಯ ಬಣ್ಣದ ಪದರದಲ್ಲಿ ಆ ಕಾಲದ ರಾಸಾಯನಿಕ ಇದೆ, ಕೈಯಲ್ಲಿ ಪೇಂಟ್ ಹೊಡೆದವನ ಗುರುತಿದೆ. ಸ್ಟೀರಿಂಗ್ ಸವೆದ ಜಾಗದಲ್ಲಿ ಅಜ್ಜನ ಅಂಗೈ ಇದೆ. ಮರಳು ಚಿಮ್ಮಿಸಿ ಬಣ್ಣ ಕೆರೆದ ಮೇಲೆ, ಎಷ್ಟು ದುಡ್ಡು ಕೊಟ್ಟರೂ ಅದು ಮರಳುವುದಿಲ್ಲ. ಅದರ ಮೇಲೆ ಇಂದಿನ ಪಾಲಿಯುರೆಥೇನ್ ಪೇಂಟ್ ಹೊಡೆದರೆ, ಕಾರ್ಖಾನೆಯಿಂದ ಬಂದ ದಿನವೂ ಇಲ್ಲದಷ್ಟು ಹೊಳಪು! ಅದನ್ನು ಮರುಜೀವ ಎನ್ನುವುದು ನಮಗಂತೂ ಕಷ್ಟ.

ಈ ಅರಿವು ಸಂಗ್ರಹಕಾರರಲ್ಲೂ ಬೆಳೆಯುತ್ತಿದೆ. ಅಮೆರಿಕದ ಪೆಬಲ್ ಬೀಚ್ ಹಳೇ ಕಾರುಗಳ ಪ್ರದರ್ಶನದಲ್ಲಿ ದಶಕಗಳ ಕಾಲ ಫಳಫಳ ಹೊಳೆಯುವ ಕಾರುಗಳೇ ಗೆಲ್ಲುತ್ತಿದ್ದವು. 2024ರಲ್ಲಿ ಮೊದಲ ಬಾರಿಗೆ, ಹೊಸದಾಗಿಸದೆ ಇದ್ದಂತೆಯೇ ಕಾಪಾಡಿದ 1934ರ ಬುಗಾಟಿಯೊಂದು ಅತ್ಯುನ್ನತ ಬಹುಮಾನ ಪಡೆಯಿತು.

ನಮ್ಮ ದೇಶದ ನಿಯಮ ಏನು?

‘50 ವರ್ಷ ದಾಟಿದ ಕಾರೆಲ್ಲ ವಿಂಟೇಜ್’ ಎನ್ನುವುದು ಅರ್ಧ ಸತ್ಯ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ ಮೊದಲ ನೋಂದಣಿಯಾಗಿ 50 ವರ್ಷವಾಗಿರಬೇಕು. ಜೊತೆಗೆ ವಾಹನ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ ಶೆಲ್ ಅಥವಾ ಎಂಜಿನ್ ಮಾರ್ಪಡಿಸುವಂಥ ದೊಡ್ಡ ಕೆಲಸ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ನಂಬರಿನಲ್ಲಿ ‘ವಿಎ’ ಅಕ್ಷರ. ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ನಮ್ಮಲ್ಲಿ ಎಷ್ಟೋ ಅಂಬಾಸಿಡರ್‌ಗಳಿಗೆ ಖರ್ಚು ಉಳಿಸಲು ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಹಾಕಿಸಿದ್ದುಂಟು. ಅವರದು ತಪ್ಪೆಂದು ನಾವು ಹೇಳುತ್ತಿಲ್ಲ, ಆಗ ಅದು ಹೊಟ್ಟೆಪಾಡಿನ ಗಾಡಿ. ಆದರೆ ಅಂಥ ಕಾರನ್ನು ಇಂದು ಹೊಳಪಿಸಿ ‘ಅಪ್ಪಟ ವಿಂಟೇಜ್’ ಎಂದು ಮಾರುವವರಿದ್ದಾರೆ.

ಮನೆಯಲ್ಲಿ ಹಳೇ ಕಾರಿದ್ದರೆ ಟಿಂಕರಿಂಗ್‌ನವರಿಗೆ ಬಿಡುವ ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ, ಚಾಸಿ ನಂಬರ್ ಇರುವ ಜಾಗವನ್ನೂ ಬಿಡಬೇಡಿ. ಆ ನಂಬರನ್ನು ಉಜ್ಜಲು, ಹೊಸದಾಗಿ ಕೊರೆಯಲು ಬಿಡಬೇಡಿ. ಹಳೇ ವಾಹನ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ ‘ಫೀವಾ’ದ ಟ್ಯೂರಿನ್ ಸನ್ನದು ಕೂಡ ಮಾಡಿದ ಪ್ರತಿ ಕೆಲಸವನ್ನೂ ದಾಖಲಿಸಿ ಎನ್ನುತ್ತದೆ. ಕೊಳ್ಳುವವರಾದರೆ ಮಾರುವವರನ್ನು ಮೊದಲು ಕೇಳಬೇಕಾದ್ದು ಕೆಲಸಕ್ಕೂ ಮುಂಚಿನ ಫೋಟೊ, ಬಿಲ್ಲು. ಜೊತೆಗೆ, ಬಿಚ್ಚಿದ ಹಳೇ ಭಾಗಗಳು ಎಲ್ಲಿವೆ ಎಂದೂ ಕೇಳಿ. ಜೋಪಾನವಾಗಿ ಕೆಲಸ ಮಾಡಿಸಿದವರ ಗ್ಯಾರೇಜಿನ ಮೂಲೆಯಲ್ಲಿ ಅವು ಚೀಟಿ ಅಂಟಿಸಿದ ಡಬ್ಬದೊಳಗೆ ಇರುತ್ತವೆ.