ಟ್ರ್ಯಾಕ್ಟರ್ ಬ್ಯಾಟರಿ ಕರೆಂಟ್ ಕಂಬ ಅಲ್ಲ!

ಬನದ ಹುಣ್ಣಿಮೆ ಬಂತೆಂದರೆ ನಮ್ಮ ಹುಲಕೋಟಿ ಕಡೆಯ ಟ್ರ್ಯಾಕ್ಟರ್‌ಗಳು ಅಣ್ಣಿಗೇರಿ, ನವಲಗುಂದ ದಾಟಿ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಹೊರಡುತ್ತವೆ. ಟ್ರೇಲರ್ ಮೇಲೆ ತಾಡಪತ್ರಿ ಕಟ್ಟಿದರೆ ಅದೇ ಮನೆ. ಈಗ ಆ ಮನೆಗೆ ಬಲ್ಬು, ಮಿಕ್ಸರ್, ದೊಡ್ಡ ಸ್ಪೀಕರ್ ಎಲ್ಲ ಬಂದಿವೆ. ಎಲ್ಲಕ್ಕೂ ಕರೆಂಟು ಟ್ರ್ಯಾಕ್ಟರ್ ಬ್ಯಾಟರಿಯಿಂದ. ಈ ಚಟ ಬಿಡಬೇಕು.

ನಾನೂ ಇದೇ ತಪ್ಪು ಮಾಡಿದವನು. "ಎರಡು ಸಾವಿರ ವ್ಯಾಟ್ ಐತ್ರಿ ಸರ, ಏನ್ ಹಚ್ಚಿದ್ರೂ ನಡಿತೈತಿ" ಅಂತ ಅಂಗಡಿಯವ ಹೇಳಿದ. ಸಣ್ಣ ಇನ್ವರ್ಟರ್ ತಂದೆ. ರಾತ್ರಿಯೆಲ್ಲ ಹಾಡು ಹಚ್ಚಿದೆವು. ಬೆಳಿಗ್ಗೆ ಪರಡಿ ತುಂಬಿಸಿ ಹೊರಡಬೇಕೆಂದರೆ ಎಂಜಿನ್ ಉಸಿರೇ ಎತ್ತಲಿಲ್ಲ. ಟ್ರೇಲರ್‌ನಲ್ಲಿ ಜ್ವರ ಬಂದ ಕೂಸು. ಬೇರೆ ಊರಿನವರು ತಮ್ಮ ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿ ಎಳೆದ ಮೇಲೆ ನಮ್ಮದು ಚಾಲೂ ಆಯಿತು.

ಲೆಕ್ಕ ಹಾಕಿ. 12 ವೋಲ್ಟಿನ 88 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದು ಸುಮಾರು 1,050 ವ್ಯಾಟ್ ಅವರ್. ಅರ್ಧಕ್ಕಿಂತ ಹೆಚ್ಚು ತೆಗೆದರೆ ಬೆಳಿಗ್ಗೆ ಎಂಜಿನ್ ಎಬ್ಬಿಸುವ ಭರವಸೆ ಇಲ್ಲ. 9 ವ್ಯಾಟಿನ ಎರಡು ಬಲ್ಬು ಆರು ತಾಸು ಉರಿದರೆ 108. ಎಂಟು ಮೊಬೈಲಿಗೆ ಸುಮಾರು 150. ಇಷ್ಟಾದರೂ ನಡೆದೀತು. ಆದರೆ 100 ವ್ಯಾಟಿನ ಸ್ಪೀಕರ್ ಐದು ತಾಸು ಹಾಡಿದರೆ ಅದೊಂದೇ 500 ನುಂಗುತ್ತದೆ! ಇನ್ನು ಎರಡು ಸಾವಿರ ವ್ಯಾಟ್ ನಿಜವಾಗಿ ಎಳೆದರೆ 12 ವೋಲ್ಟಿನಲ್ಲಿ 160 ಆಂಪಿಯರ್ ದಾಟುತ್ತದೆ. ಆ ತೆಳು ವೈರು ಕರಗುತ್ತದೆ. ಕೆಳಗೆ ಹುಲ್ಲು, ಮೇಲೆ ತಾಡಪತ್ರಿ.

"ಎಂಜಿನ್ ಚಾಲೂ ಇಟ್ರ ಆತಲ್ಲ?" ಅನ್ನುವವರಿದ್ದಾರೆ. ಒಂದು ಸ್ಪೀಕರಿಗಾಗಿ ರಾತ್ರಿಯಿಡೀ ಡೀಸೆಲ್ ಸುಡುವುದು ಯಾವ ಶಾಣ್ಯಾತನ? ಆ ಹೊಗೆ ಹೋಗುವುದು ಮಕ್ಕಳು ಮಲಗಿದ ತಾಡಪತ್ರಿಯೊಳಗೆ.

ಟ್ರ್ಯಾಕ್ಟರ್ ಬ್ಯಾಟರಿ ಎಂಜಿನ್‌ಗೆ ಒಂದು ಏಟು ಕೊಡಲಿಕ್ಕೆ ಇರುವುದು. ಅದರ ತಗಡು ತೆಳು. ಪದೇ ಪದೇ ಬರಿದು ಮಾಡಿದರೆ ಬೇಗ ಸಾಯುತ್ತದೆ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ನಿಧಾನ ಖಾಲಿಯಾಗಲೆಂದೇ ಮಾಡಿದ್ದು. ಅದನ್ನು ತುಂಬ ಚಾರ್ಜ್ ಮಾಡಿ ಒಯ್ಯಿರಿ. ನೆಟ್ಟಗೆ ಇಡಿ, ಹಾಸಿಗೆಯಿಂದ ದೂರ ಇಡಿ, ಪ್ಲಸ್ ತುದಿಯ ಹತ್ತಿರವೇ ಫ್ಯೂಸ್ ಹಾಕಿಸಿ. 12 ವೋಲ್ಟಿನ ಬಲ್ಬನ್ನು ನೇರ ಹಚ್ಚಬಹುದು, ಮೊಬೈಲಿಗೆ ಕಾರಿನ ಚಾರ್ಜರ್ ಸಾಕು. ಚಟ್ನಿಗೆ ಒಳಕಲ್ಲು ಬೇಡವಾದರೆ ಮನೆಯಿಂದಲೇ ಚಟ್ನಿಪುಡಿ ಕಟ್ಟಿಕೊಳ್ಳಿ.

ಸರ್ಕಾರಕ್ಕೂ ಒಂದು ಮಾತು. 2024ರಲ್ಲಿ ಗುಡ್ಡದ ಅಭಿವೃದ್ಧಿಗೆ ಕೇಂದ್ರದಿಂದ 100 ಕೋಟಿ ರೂಪಾಯಿ ಮಂಜೂರಾಗಿದೆ. ಟ್ರೇಲರ್ ನಿಲ್ಲುವ ಬಯಲಲ್ಲಿ ಸಾಲಾಗಿ ದೀಪ, ಮೊಬೈಲ್ ಚಾರ್ಜ್ ಮಾಡುವ ಕಟ್ಟೆ ಮೊದಲು ಆಗಲಿ. ಭಕ್ತರು ಅಲ್ಲಿ ಒಂದು ರಾತ್ರಿ ಬಾಳುತ್ತಾರೆ, ಬರೀ ಕೈಮುಗಿದು ಹೋಗುವುದಿಲ್ಲ.

ಅಲ್ಲಿಯವರೆಗೆ ಟ್ರ್ಯಾಕ್ಟರ್ ಬ್ಯಾಟರಿಗೆ ಕ್ಲಿಪ್ ಹಚ್ಚುವ ಮುನ್ನ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಡುರಾತ್ರಿ ಕೂಸಿಗೆ ಹುಷಾರಿಲ್ಲದಿದ್ದರೆ ಈ ಗಾಡಿ ಚಾಲೂ ಆಗುತ್ತದೆಯೇ?