ಗಾಜಿನ ತೊಟ್ಟಿಯ ಕಡಲಿಗೆ ಗೊಬ್ಬರ ಹಾಕಿದವರು ಯಾರು?

ಮಹಾನಗರಗಳ ಹೋಟೆಲುಗಳಲ್ಲಿ, ಆಸ್ಪತ್ರೆಗಳ ಹಜಾರಗಳಲ್ಲಿ, ಉಳ್ಳವರ ಪಡಸಾಲೆಗಳಲ್ಲಿ ಬಣ್ಣದ ಸಿಹಿನೀರಿನ ಮೀನುಗಳ ಪಕ್ಕಕ್ಕೆ ಈಗ ಉಪ್ಪುನೀರಿನ ತೊಟ್ಟಿಯೂ ಬಂದಿದೆ. ಒಳಗೆ ಬರಿಯ ಮೀನಲ್ಲ, ಜೀವಂತ ಹವಳವೂ ಇರುತ್ತದೆ. ಕಡಲಿನ ಒಂದು ತುಣುಕನ್ನು ಗಾಜಿನ ನಾಲ್ಕು ಗೋಡೆಗಳ ನಡುವೆ ನಿಲ್ಲಿಸುವ ಸಾಹಸವಿದು. ಹಣ ಸುರಿದು, ದೀಪ, ಪಂಪು, ಕೃತಕ ಲವಣ ಎಲ್ಲವನ್ನೂ ತಂದು ಜೋಡಿಸಿದ ಕೆಲವೇ ವಾರಗಳಲ್ಲಿ ಕರೆಯದ ಅತಿಥಿಯೊಂದು ಬರುತ್ತದೆ. ಮೊದಲು ಮರಳಿನ ಮೇಲೆ ಕಂದುಬಣ್ಣದ ಧೂಳು, ಬಳಿಕ ಕಲ್ಲಿನ ಮೇಲೆ ಹಸಿರು ಕೂದಲು, ಅಲ್ಲಲ್ಲಿ ಹಸಿರು ಗುಳ್ಳೆ, ಕೆಲವೊಮ್ಮೆ ಕೆಂಪು ಲೋಳೆ. ಹವಳ ಮುಚ್ಚಿಹೋಗುತ್ತದೆ. ತೊಟ್ಟಿಯ ಒಡೆಯ ಅಂಗಡಿಗೆ ಓಡುತ್ತಾನೆ. ಅಂಗಡಿಯವನು ಒಂದು ಬಾಟಲಿಯನ್ನು ಕೈಗಿಡುತ್ತಾನೆ.

ಸಿರಿವಂತರ ಈ ತಲೆನೋವಿಗೂ ಮಲೆನಾಡಿನ ಓದುಗರಿಗೂ ಏನು ಸಂಬಂಧ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಆ ತೊಟ್ಟಿಯಲ್ಲಿ ನಡೆಯುವುದು ಅಡಿಕೆ ತೋಟದಲ್ಲಿ, ಕಾಫಿ ಎಸ್ಟೇಟಿನ ಕೆಳಗಿನ ಹಳ್ಳದಲ್ಲಿ, ಊರ ಕೆರೆಯಲ್ಲಿ ನಡೆಯುವುದೇ. ವ್ಯತ್ಯಾಸವೆಂದರೆ ಅಲ್ಲಿ ಎಲ್ಲವೂ ಇನ್ನೂರು ಲೀಟರಿನಲ್ಲಿ, ಕಣ್ಣೆದುರಿಗೇ, ಕೆಲವು ವಾರಗಳಲ್ಲಿ ನಡೆದುಹೋಗುತ್ತದೆ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ದೊರೆಯುವುದು ಕಷ್ಟ.

ಹವಳದ ದಿಬ್ಬಗಳು ಬೆಳೆಯುವುದು ಬಡ ನೀರಿನಲ್ಲಿ. ಉಷ್ಣವಲಯದ ಆ ತಿಳಿನೀಲಿ ನೀರಿನಲ್ಲಿ ಸಾರಜನಕ, ರಂಜಕಗಳು ಇಲ್ಲವೆಂಬಷ್ಟು ಕಡಿಮೆ. ಫಾಸ್ಫೇಟಿನ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ ಮಿಲಿಗ್ರಾಮಿನ ನೂರನೇ ಒಂದೆರಡು ಭಾಗದಷ್ಟು ಮಾತ್ರ. ಇಷ್ಟು ಬಡತನದಲ್ಲಿ ಅಷ್ಟು ಸಮೃದ್ಧ ಜೀವರಾಶಿ ಹೇಗೆ ಎಂಬ ಪ್ರಶ್ನೆಗೆ ಉತ್ತರ ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲೇ ಇದೆ. ಅಲ್ಲಿಯೂ ಮಳೆಗೆ ತೊಳೆದುಹೋದ ಬಡ ಮಣ್ಣಿನ ಮೇಲೆ ಮಹಾವೃಕ್ಷಗಳು ನಿಂತಿವೆ. ಸತ್ವವಿರುವುದು ಬಹುಪಾಲು ಜೀವದಲ್ಲಿ ಮತ್ತು ದರಗಿನಲ್ಲಿ. ಬಿದ್ದ ಎಲೆ ಕೊಳೆಯುವ ಮೊದಲೇ ಬೇರು ಬಾಯಿ ತೆರೆದು ಕಾದಿರುತ್ತದೆ. ಹವಳವೂ ಹಾಗೆಯೇ, ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಯು ಬೆಳಕಿನಿಂದ ತಯಾರಿಸಿದ ಆಹಾರವನ್ನು ಹವಳಕ್ಕೆ ನೀಡುತ್ತದೆ, ಹವಳದ ತ್ಯಾಜ್ಯವನ್ನು ತಾನು ಉಣ್ಣುತ್ತದೆ. ಹೊರಗೆ ಸೋರುವುದು ಅತ್ಯಲ್ಪ. ಹೀಗೆ ಪಾಚಿಯಿಂದಲೇ ಬದುಕುವ ಹವಳವನ್ನು ಪಾಚಿಯೇ ಕೊಲ್ಲುತ್ತದೆಯೆಂದರೆ ತಪ್ಪು ಪಾಚಿಯದ್ದಲ್ಲ, ಲೆಕ್ಕದ್ದು.

ಲೆಕ್ಕ ಬಹಳ ಸರಳ. ಮೀನಿಗೆ ಹಾಕುವ ಒಣ ಆಹಾರದಲ್ಲಿ ರಂಜಕ ಶೇಕಡಾ 1ರಷ್ಟಿದೆ ಎಂದಿಟ್ಟುಕೊಳ್ಳೋಣ. ದಿನಕ್ಕೆ ಒಂದು ಗ್ರಾಂ, ಅಂದರೆ ಒಂದು ಚಿಟಿಕೆ ಆಹಾರ ಹಾಕಿದರೆ ಹತ್ತು ಮಿಲಿಗ್ರಾಂ ರಂಜಕ ನೀರಿಗೆ ಸೇರಿತು. ಫಾಸ್ಫೇಟಿನ ರೂಪದಲ್ಲಿ ಅದು ಸುಮಾರು ಮೂವತ್ತು ಮಿಲಿಗ್ರಾಂ. ಇನ್ನೂರು ಲೀಟರಿನ ತೊಟ್ಟಿಯಲ್ಲಿ ಹಂಚಿಹೋದರೆ ಲೀಟರಿಗೆ 0.15 ಮಿಲಿಗ್ರಾಂ. ಸಹಜ ಕಡಲಿನಲ್ಲಿ ಇರಬೇಕಾದುದಕ್ಕಿಂತ ಏಳೆಂಟು ಪಟ್ಟು ಹೆಚ್ಚು, ಅದೂ ಒಂದೇ ದಿನದ ಚಿಟಿಕೆಯಿಂದ. ಒಂದಿಷ್ಟು ಮೀನಿನ ಮೈಗೆ ಹೋಗುತ್ತದೆ ನಿಜ, ಉಳಿದುದೆಲ್ಲ ಹೋಗಲು ಬೇರೆ ದಾರಿಯಿಲ್ಲದೆ ಅಲ್ಲೇ ಉಳಿಯುತ್ತದೆ. ತೇಲುವ ಕಡಲ ಪಾಚಿಗಳ ದೇಹದಲ್ಲಿ ಇಂಗಾಲ, ಸಾರಜನಕ, ರಂಜಕಗಳ ಪರಮಾಣುಗಳು 106ಕ್ಕೆ 16ಕ್ಕೆ 1ರ ಅನುಪಾತದಲ್ಲಿವೆ ಎಂದು ಆಲ್ಫ್ರೆಡ್ ರೆಡ್‌ಫೀಲ್ಡ್ ತೋರಿಸಿಕೊಟ್ಟಿದ್ದರು. ಆ ಪ್ರಕಾರ ಒಂದು ಗ್ರಾಂ ರಂಜಕ ಸಿಕ್ಕಿದರೆ ನಲವತ್ತು ಗ್ರಾಂ ಇಂಗಾಲ ಪಾಚಿಯಾಗಿ ಮೈದಳೆಯಬಲ್ಲದು. ಕಲ್ಲಿಗಂಟಿ ಬೆಳೆಯುವ ಪಾಚಿಗಳಂತೂ ಇನ್ನೂ ಜುಗ್ಗ, ಅಷ್ಟೇ ರಂಜಕದಲ್ಲಿ ಇನ್ನೂ ಹಲವು ಪಟ್ಟು ಬೆಳೆಯುತ್ತವೆ. ಯಾವ ರೈತನೂ ತನ್ನ ಬೆಳೆಗೆ ಇಷ್ಟು ನಿಷ್ಠೆಯಿಂದ ದಿನಾಲೂ ಗೊಬ್ಬರ ಕೊಟ್ಟಿರಲಾರ.

ಇಲ್ಲಿ ಮಲೆನಾಡಿನ ಕೃಷಿಕರಿಗೆ ಚೆನ್ನಾಗಿ ಗೊತ್ತಿರುವ ಒಂದು ಸಂಗತಿ ಎದುರಾಗುತ್ತದೆ. ಜಂಬಿಟ್ಟಿಗೆಯ ಕೆಂಪು ಮಣ್ಣಿಗೆ ಎಷ್ಟು ರಂಜಕ ಹಾಕಿದರೂ ಗಿಡಕ್ಕೆ ಸಿಗುವುದು ಸ್ವಲ್ಪ. ಮಣ್ಣಿನಲ್ಲಿರುವ ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಆಕ್ಸೈಡುಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಅಕ್ವೇರಿಯಂ ಅಂಗಡಿಯಲ್ಲಿ ‘ಫಾಸ್ಫೇಟ್ ನಿವಾರಕ’ ಎಂದು ದುಬಾರಿ ಬೆಲೆಗೆ ಮಾರುವ ಕಂದು ಹರಳುಗಳು ಇದೇ ಕಬ್ಬಿಣದ ಆಕ್ಸೈಡು, ಸರಳವಾಗಿ ಹೇಳುವುದಾದರೆ ತುಕ್ಕು. ರೈತನಿಗೆ ಶಾಪವಾದುದು ಅಲ್ಲಿ ವರವಾಗಿದೆ. ಹಾಗೆಂದು ಗುಡ್ಡದ ಮಣ್ಣನ್ನು ತೊಟ್ಟಿಗೆ ಸುರಿಯಬಾರದಷ್ಟೆ! ತೊಟ್ಟಿಯ ಸುಣ್ಣಕಲ್ಲುಗಳೂ ರಂಜಕವನ್ನು ಹೀರಿಟ್ಟುಕೊಳ್ಳುತ್ತವೆ. ನೀರು ಶುದ್ಧವಾದ ಮೇಲೆ ಅದನ್ನೇ ನಿಧಾನವಾಗಿ ಹೊರಬಿಡುತ್ತವೆ. ಆಹಾರ ಕಡಿಮೆ ಮಾಡಿದರೂ ಪಾಚಿ ತಿಂಗಳುಗಟ್ಟಲೆ ಹೋಗದಿರುವುದಕ್ಕೆ ಇದು ಕಾರಣ. ಹೂಳಿನಲ್ಲಿ ಹಳೆಯ ಗೊಬ್ಬರ ಕೂತ ಕೆರೆಯೂ ಹೀಗೆಯೇ ವರ್ತಿಸುತ್ತದೆ.

ಬಾಟಲಿಯ ವಿಷಯಕ್ಕೆ ಬರೋಣ. ಕೆಂಪು ಲೋಳೆಯು ನಿಜವಾಗಿ ಪಾಚಿಯೇ ಅಲ್ಲ, ಅದು ಸಯನೋಬ್ಯಾಕ್ಟೀರಿಯಾ. ಅದನ್ನು ಕೊಲ್ಲಲು ಹವ್ಯಾಸಿಗಳು ಎರಿತ್ರೊಮೈಸಿನ್ ಎಂಬ ಪ್ರತಿಜೀವಕವನ್ನು ತೊಟ್ಟಿಗೆ ಸುರಿಯುವ ರೂಢಿ ಹಲವು ದೇಶಗಳಲ್ಲಿದೆ. ಇದು ಮನುಷ್ಯರ ಸೋಂಕಿಗೆ ಕೊಡುವ ಔಷಧಿ. ಹಸಿರು ಗರಿಯಂತಹ ಬ್ರಯಾಪ್ಸಿಸ್ ಪಾಚಿಗೆ ಶಿಲೀಂಧ್ರದ ಔಷಧಿಯಾದ ಫ್ಲುಕೊನಜೋಲ್ ಹಾಕುವವರೂ ಇದ್ದಾರೆ. ಲೋಳೆ ಎರಡು ಮೂರು ದಿನದಲ್ಲಿ ಮಾಯವಾಗುತ್ತದೆ, ಜಯಘೋಷವಾಗುತ್ತದೆ. ಆದರೆ ಸತ್ತ ಲೋಳೆಯಲ್ಲಿದ್ದ ಸಾರಜನಕ, ರಂಜಕಗಳು ಎಲ್ಲಿಗೆ ಹೋದವು? ಅದೇ ನೀರಿಗೆ. ಮುಂದಿನ ಬೆಳೆಗೆ ಗೊಬ್ಬರ ಸಿದ್ಧ. ತೊಟ್ಟಿಯ ನೀರು ಬದಲಿಸಿದಾಗ ಔಷಧಿಯ ಅಂಶ ಚರಂಡಿ ಸೇರಿ, ಅಲ್ಲಿಯ ಬ್ಯಾಕ್ಟೀರಿಯಾಗಳಿಗೆ ಅದನ್ನು ಎದುರಿಸುವ ಅಭ್ಯಾಸ ಮಾಡಿಸುತ್ತದೆ. ಒಂದು ಅಲಂಕಾರದ ತೊಟ್ಟಿಗಾಗಿ ಜೀವರಕ್ಷಕ ಔಷಧಿಯನ್ನು ಮೊಂಡು ಮಾಡುವುದು ಸಮರ್ಥಿಸಲಾಗದ ಕೆಲಸ. ಕಳೆ ಕಂಡೊಡನೆ ಕಳೆನಾಶಕದ ಕ್ಯಾನಿಗೆ ಕೈಹಾಕುವ ತೋಟಗಾರಿಕೆಯ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡುತ್ತಿದೆ.

ಗೊಬ್ಬರವೊಂದೇ ಕಾರಣವೆಂದರೂ ಅರ್ಧ ಸತ್ಯವಾದೀತು. ಮೇಯುವವರು ಯಾರು ಎಂಬುದೂ ಅಷ್ಟೇ ಮುಖ್ಯ. ಕೆರಿಬಿಯನ್ ಸಮುದ್ರದ ಜಮೈಕಾ ದ್ವೀಪದಲ್ಲಿ ಪಾಚಿ ತಿನ್ನುವ ಮೀನುಗಳನ್ನು ಜನ ದಶಕಗಳ ಕಾಲ ಬಲೆ ಹಾಕಿ ಬರಿದು ಮಾಡಿದ್ದರು. ಆದರೂ ದಿಬ್ಬಗಳು ನಿಂತಿದ್ದವು. ಉದ್ದ ಮುಳ್ಳಿನ ಕಪ್ಪು ಕಡಲುಮುಳ್ಳಿ ಒಂದೇ ಆ ಕೆಲಸವನ್ನೆಲ್ಲ ಮಾಡುತ್ತಿತ್ತು. 1980ರಲ್ಲಿ ಭಾರಿ ಚಂಡಮಾರುತ ಹವಳವನ್ನು ಮುರಿಯಿತು. 1983–84ರಲ್ಲಿ ರೋಗ ಬಂದು ಇಡೀ ಕೆರಿಬಿಯನ್‌ನ ಆ ಕಡಲುಮುಳ್ಳಿಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಸತ್ತವು. ಬಳಿಕ ಪಾಚಿಗೆ ತಡೆಯೇ ಇರಲಿಲ್ಲ. 1970ರ ದಶಕದ ಕೊನೆಯಲ್ಲಿ ದಿಬ್ಬದ ಅರ್ಧದಷ್ಟು ಭಾಗವನ್ನು ಆವರಿಸಿದ್ದ ಜೀವಂತ ಹವಳ 1990ರ ದಶಕದ ಆರಂಭದ ಹೊತ್ತಿಗೆ ಶೇಕಡಾ 5ಕ್ಕೂ ಕಡಿಮೆಯಾಯಿತೆಂದು ಟೆರಿ ಹ್ಯೂಸ್ 1994ರಲ್ಲಿ ದಾಖಲಿಸಿದರು. ಹವಾಯಿಯ ಕನೆಯೊಹೆ ಕೊಲ್ಲಿಯದು ಇದರ ಇನ್ನೊಂದು ಮುಖ. ಅಲ್ಲಿಗೆ ಊರಿನ ಒಳಚರಂಡಿ ಹರಿದು ಹಸಿರು ಗುಳ್ಳೆಪಾಚಿ ಹವಳವನ್ನು ಮುಚ್ಚಿತ್ತು. 1977–78ರಲ್ಲಿ ಚರಂಡಿಯನ್ನು ಬೇರೆಡೆಗೆ ತಿರುಗಿಸಿದ ಮೇಲೆ ಪಾಚಿ ಬಹುಮಟ್ಟಿಗೆ ತಗ್ಗಿತು. ಯಾವ ವಿಷವನ್ನೂ ಸುರಿಯಬೇಕಾಗಲಿಲ್ಲ.

ಹಾಗಾದರೆ ತೊಟ್ಟಿಯವನು ಮಾಡಬೇಕಾದುದೇನು? ಕೆಲಸ ಬೇಸರದ್ದು, ಕಳೆ ಕೀಳುವಷ್ಟೇ ಬೇಸರದ್ದು. ಕೂದಲುಪಾಚಿಯನ್ನು ಕೈಯಿಂದಲೇ ಕಿತ್ತು, ಹಲ್ಲುಜ್ಜುವ ಬ್ರಷ್ಷಿನಿಂದ ಕಲ್ಲನ್ನು ಉಜ್ಜಿ, ಸಣ್ಣ ಕೊಳವೆಯಿಂದ ಹೊರಗೆ ಎಳೆಯಬೇಕು. ಹೊರಬಂದ ಪ್ರತಿ ಹಿಡಿ ಪಾಚಿಯೊಂದಿಗೆ ಅಷ್ಟು ರಂಜಕವೂ ಹೊರಬರುತ್ತದೆ. ಗುಳ್ಳೆಪಾಚಿಯನ್ನು ಒಡೆಯದಂತೆ ಇಡಿಯಾಗಿ ಬಿಡಿಸುವುದು ಲೇಸು. ಆಹಾರವನ್ನು ಅರ್ಧಕ್ಕಿಳಿಸಿದರೆ ಮೀನು ಸಾಯುವುದಿಲ್ಲ. ಪಾಚಿ ಮೇಯುವ ಕಡಲ ಬಸವನಹುಳುಗಳು ಬೇಕು. ನೊರೆಯೆಬ್ಬಿಸಿ ಕಲ್ಮಶ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಎಂಬ ಸಲಕರಣೆ ಬೇಕು. ಆಲೆಮನೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಮೇಲೆ ಬರುವ ಕಲ್ಮಶವನ್ನು ತೆಗೆದ ಹಾಗೆಯೇ ಇದು. ಆವಿಯಾಗಿ ಹೋದ ನೀರಿನ ಬದಲಿಗೆ ಶುದ್ಧೀಕರಿಸಿದ ಸಿಹಿನೀರನ್ನೇ ಹಾಕಬೇಕು. ಆವಿಯಾಗುವುದು ನೀರು ಮಾತ್ರ, ಅದರಲ್ಲಿ ಕರಗಿದ್ದುದು ಉಳಿಯುತ್ತದೆ. ಕೊಳವೆಬಾವಿಯ ನೀರನ್ನು ದಿನವೂ ಸುರಿದರೆ ಅದರ ನೈಟ್ರೇಟ್, ಸಿಲಿಕೇಟ್‌ಗಳು ಶೇಖರವಾಗುತ್ತಲೇ ಹೋಗುತ್ತವೆ. ನೀರಾವರಿ ಪ್ರದೇಶಗಳ ಹೊಲಗಳು ಚೌಳಾಗುವುದರಲ್ಲಿಯೂ ಈ ಲೆಕ್ಕವಿದೆ. ಶುದ್ಧೀಕರಣದ ಯಂತ್ರ ಒಂದು ಲೀಟರು ಕೊಡಲು ಎರಡು ಮೂರು ಲೀಟರು ಚೆಲ್ಲುತ್ತದೆಂಬುದನ್ನು ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ನಗರಗಳು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಎಲ್ಲಕ್ಕಿಂತ ಒಳ್ಳೆಯ ಉಪಾಯ ಪಾಚಿಯನ್ನು ಪಾಚಿಯಿಂದಲೇ ಹಿಡಿಯುವುದು. ಪಕ್ಕದ ಸಣ್ಣ ತೊಟ್ಟಿಯಲ್ಲಿ ಬೆಳಕು ಕೊಟ್ಟು, ಗೊಂಚಲು ಗೊಂಚಲಾಗಿ ಬೆಳೆಯುವ ಕೀಟೋಮಾರ್ಫಾದಂತಹ ಪಾಚಿಯನ್ನು ಬೇಕೆಂದೇ ಬೆಳೆಸಿ, ವಾರಕ್ಕೊಮ್ಮೆ ಕೊಯ್ಲು ಮಾಡಿದರೆ ಮುಖ್ಯ ತೊಟ್ಟಿಯ ಕಳೆಗೆ ಊಟ ಉಳಿಯುವುದಿಲ್ಲ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿ ವಾಲ್ಟರ್ ಏಡಿ ಈ ತತ್ವವನ್ನು ಬಳಸಿ ಹವಳದ ದಿಬ್ಬದ ಮಾದರಿಯನ್ನೇ ನಡೆಸಿದರು.

ಇನ್ನೊಂದು ಅತಿರೇಕವೂ ಇದೆ. ಪಾಚಿಯ ಮೇಲಿನ ಸಿಟ್ಟಿಗೆ ನೈಟ್ರೇಟ್, ಫಾಸ್ಫೇಟ್‌ಗಳನ್ನು ಸೊನ್ನೆಗೆ ಇಳಿಸಿದವರ ತೊಟ್ಟಿಗಳಲ್ಲಿ ಡೈನೊಫ್ಲಾಜೆಲೇಟ್ ಎಂಬ ಕಂದು ಲೋಳೆ ಹುಟ್ಟಿ, ಬಸವನಹುಳುಗಳು ಸತ್ತು, ಹವಳ ಬಿಳಿಚಿದ್ದುಂಟು. ಸತ್ವವೆಲ್ಲ ವಿಷವೆಂಬ ನಂಬಿಕೆ, ಸತ್ವ ಸುರಿದಷ್ಟೂ ಲಾಭವೆಂಬ ನಂಬಿಕೆ, ಎರಡೂ ಅಳತೆ ತಪ್ಪಿದವೇ. ಚಳವಳಿಯ ಮಿತ್ರರಲ್ಲಿ ‘ಸೊನ್ನೆ’ಯ ಮೋಹವಿರುವವರು ಇದನ್ನು ಗಮನಿಸಿದರೆ ಒಳಿತು.

ಹವಳ ಸಾಕುವವರ ಪರವಾಗಿಯೂ ಒಂದು ಮಾತಿದೆ. ಸಮುದ್ರ ಬಿಸಿಯಾಗಿ ಹವಳಗಳು ಬಿಳಿಚುತ್ತಿರುವ ಕಾಲವಿದು. 2024ರಲ್ಲಿ ಲಕ್ಷದ್ವೀಪದಲ್ಲಿಯೂ ಅದು ವ್ಯಾಪಕವಾಗಿ ಕಂಡಿತು. ಹವಳದ ತುಂಡಿನಿಂದ ಹೊಸ ಹವಳ ಬೆಳೆಸುವ ಕೈಚಳಕದಲ್ಲಿ ಹವ್ಯಾಸಿಗಳ ಪಾಲೂ ಇದೆ. ಆದರೆ ಭಾರತದ ಕಡಲಿನ ಹವಳಕ್ಕೆ ಕೈಹಾಕುವಂತಿಲ್ಲ. 2001ರಲ್ಲಿ ಅದನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೇ ಅನುಸೂಚಿಗೆ ಸೇರಿಸಲಾಯಿತು. ಮುರ್ಡೇಶ್ವರದ ಎದುರಿನ ನೇತ್ರಾಣಿಯಿಂದ ಒಂದು ತುಂಡು ಮುರಿದು ತರುವುದೂ ಅಪರಾಧ.

ಕೊನೆಯದು, ಆದರೆ ಎಲ್ಲಕ್ಕಿಂತ ಗಂಭೀರವಾದುದು, ಕಿತ್ತ ಪಾಚಿಯನ್ನು ಎಲ್ಲಿ ಎಸೆಯಬೇಕೆಂಬುದು. ಅಕ್ವೇರಿಯಂಗಳಲ್ಲಿ ಅಂದಕ್ಕಾಗಿ ಬೆಳೆಸುತ್ತಿದ್ದ ಕಾಲರ್ಪಾ ಟ್ಯಾಕ್ಸಿಫೋಲಿಯಾ ಎಂಬ ಪಾಚಿ 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಕೆಳಗಿನ ಸಮುದ್ರದಲ್ಲಿ ಒಂದು ಚದರ ಮೀಟರಿನಷ್ಟು ಕಂಡಿತು. ಫ್ರಾನ್ಸಿನ ಅಲೆಕ್ಸಾಂಡರ್ ಮೈನೆಜ್ ಎಚ್ಚರಿಸುತ್ತಲೇ ಇದ್ದರು, ಅಧಿಕಾರಿಗಳು ವಾದಿಸುತ್ತಲೇ ಇದ್ದರು. ಅಷ್ಟರಲ್ಲಿ ಅದು ಮೆಡಿಟರೇನಿಯನ್ನಿನ ಹಲವು ದೇಶಗಳ ತೀರಕ್ಕೆ ಹಬ್ಬಿತ್ತು. ಈಚಿನ ವರ್ಷಗಳಲ್ಲಿ ಅಲ್ಲಿ ಹಲವೆಡೆ ಅದು ಇಳಿಮುಖವಾಗಿದೆಯೆಂಬುದು ಸಮಾಧಾನದ ಮಾತು. 2000ದಲ್ಲಿ ಅದೇ ಪಾಚಿ ಕ್ಯಾಲಿಫೋರ್ನಿಯಾದ ಒಂದು ಹಿನ್ನೀರಿನಲ್ಲಿ ಕಂಡಾಗ, ಟಾರ್ಪಾಲು ಮುಚ್ಚಿ ಒಳಗೆ ಕ್ಲೋರಿನ್ ಬಿಟ್ಟು ಕೊಂದರು. ನಿರ್ಮೂಲವಾಯಿತೆಂದು ಘೋಷಿಸಲು 2006ರವರೆಗೆ ಕಾಯಬೇಕಾಯಿತು. ತಗುಲಿದ ವೆಚ್ಚ 70 ಲಕ್ಷ ಡಾಲರಿಗೂ ಹೆಚ್ಚು. ಮನ್ನಾರ್ ಕೊಲ್ಲಿಯ ಕುರುಸಡೈ ದ್ವೀಪದ ಹವಳದ ಮೇಲೆ, ಕೃಷಿಗೆಂದು ಹೊರಗಿನಿಂದ ತಂದ ಕಪ್ಪಾಫೈಕಸ್ ಪಾಚಿ ಹಬ್ಬಿದ್ದನ್ನು 2008ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ಉದ್ಯಾನಕ್ಕೆಂದು ಬಂದ ಲಂಟಾನ ಘಟ್ಟದ ಕಾಡನ್ನು ನುಂಗಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ಮಂಗಳೂರಿನಲ್ಲೋ ಕಾರವಾರದಲ್ಲೋ ಉಪ್ಪುನೀರಿನ ತೊಟ್ಟಿ ಇಟ್ಟವರು ಕಿತ್ತ ಪಾಚಿಯನ್ನು ಚರಂಡಿಗೆ, ಹೊಳೆಗೆ, ಅಳಿವೆಗೆ ಬಿಡಬಾರದು. ಕಾಲರ್ಪಾದ ಒಂದು ಚೂರು ಸಾಕು, ಅದು ಮತ್ತೆ ಬೆಳೆಯುತ್ತದೆ. ಬಿಸಿಲಿಗೆ ಹರಡಿ ಗರಿಗರಿಯಾಗುವವರೆಗೆ ಒಣಗಿಸಿ, ಸಿಹಿನೀರಿನಲ್ಲಿ ಉಪ್ಪು ತೊಳೆದು, ಆಮೇಲೆ ಗೊಬ್ಬರದ ಗುಂಡಿಗೆ ಹಾಕಬಹುದು. ಬದಲಿಸಿದ ಉಪ್ಪುನೀರನ್ನು ಮಾತ್ರ ತೆಂಗಿನ ಬುಡಕ್ಕೂ ಅಡಿಕೆಯ ಬುಡಕ್ಕೂ ಹೊಯ್ಯಬಾರದು. ಲೀಟರಿಗೆ 35 ಗ್ರಾಂ ಉಪ್ಪಿರುವ ಆ ನೀರನ್ನು ಅಡಿಕೆಯ ಬೇರು ತಾಳಲಾರದು.